ಮಕ್ಕಳು ಬಿಡಿಸಿದ ಮುಖಗಳ ಟೀ ಟವಲ್: ಕ್ವಾಯರ್ ಟ್ರಿಪ್ಪಿಗೆ ಇದರಿಂದ ದುಡ್ಡು ಹುಟ್ಟುತ್ತಾ?

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಪ್ರಿಂಟ್ ಚೆನ್ನಾಗಿದೆ, ಬಟ್ಟೆ ಪರವಾಗಿಲ್ಲ, ಫೋನಲ್ಲಿ ಮಾತಾಡೋ ಜನ ಒಳ್ಳೇವ್ರು, ಆದ್ರೆ ವೆಬ್‌ಸೈಟಲ್ಲಿ ತೋರಿಸೋ ರೇಟೇ ಬೇರೆ, ಕೊನೇಲಿ ಕೈಯಿಂದ ಹೋಗೋ ದುಡ್ಡೇ ಬೇರೆ. ಮತ್ತೆ ನಿಮ್ಮ ಗ್ರೂಪಿಗೆ ಇಷ್ಟು ಲಾಭ ಬರುತ್ತೆ ಅಂತ ಅವ್ರು ಒಂದು ಲೆಕ್ಕ ಹಾಕಿಟ್ಟಿದ್ದಾರಲ್ಲ, ಅದು ತರಿಸಿದ ಟವಲ್ ಅಷ್ಟೂ ಖರ್ಚಾದ್ರೆ ಮಾತ್ರ ನಿಜ, ಅದನ್ನ ಅಲ್ಲಿ ಎಲ್ಲೂ ಬರ್ದಿಲ್ಲ. ಕಂಪನಿ ಹೆಸ್ರು ನಾನು ಹಾಕಲ್ಲ, ಈ ಬಿಸಿನೆಸ್ ಮಾಡೋರು ಇಲ್ಲಿ ಸುಮಾರು ಜನ ಇದ್ದಾರೆ, ನಾವು ಮೂರ್ನಾಲ್ಕು ಕಡೆ ಕೊಟೇಶನ್ ಕೇಳಿದಾಗ ಎಲ್ಲರ ವ್ಯವಹಾರನೂ ಹೆಚ್ಚುಕಮ್ಮಿ ಒಂದೇ ಥರ ಇತ್ತು, ಹಾಗಾಗಿ ಯಾರ ಹತ್ರ ತರಿಸಿದ್ರೂ ಕೆಳಗೆ ಬರ್ದಿರೋದು ಉಪಯೋಗಕ್ಕೆ ಬರಬಹುದು.

ಇಂಗ್ಲೆಂಡಲ್ಲಿ ಮಕ್ಕಳನ್ನ ಸ್ಕೂಲಿಗೆ ಕಳ್ಸೋ ಕನ್ನಡದವ್ರಿಗೆ ಇದು ಹೊಸದಲ್ಲ, ಎಲ್ಲರ ಮನೆ ಡ್ರಾಯರಲ್ಲೂ ಒಂದಾದ್ರೂ ಇರುತ್ತೆ. ಊರಲ್ಲಿರೋರಿಗೆ ಹೇಳ್ಬೇಕಂದ್ರೆ, ಟೀ ಟವಲ್ ಅಂದ್ರೆ ತೊಳೆದ ಪಾತ್ರೆ ಒರೆಸೋ ಹತ್ತಿ ಬಟ್ಟೆ. ಕ್ಲಾಸಿನ ಪ್ರತಿ ಮಗೂನೂ ತನ್ನ ಮುಖ ತಾನೇ ಬಿಡಿಸಿ ಕೆಳಗೆ ಹೆಸ್ರು ಬರ್ದು ಕೊಡುತ್ತೆ, ಕಂಪನಿಯವ್ರು ಅಷ್ಟೂ ಮುಖ ಸಾಲಾಗಿ ಜೋಡಿಸಿ ಒಂದೇ ಬಟ್ಟೆ ಮೇಲೆ ಪ್ರಿಂಟ್ ಹಾಕ್ತಾರೆ, ಅದನ್ನ ಅಪ್ಪ ಅಮ್ಮ ಅಜ್ಜಿ ತಾತ ಎಲ್ಲ ದುಡ್ಡು ಕೊಟ್ಟು ತಗೋತಾರೆ, ಬಂದ ಲಾಭ ಸ್ಕೂಲಿಗೆ. ನಾವು ಇದನ್ನ ಸ್ಕೂಲಿಗಲ್ಲ, ಕ್ವಾಯರಿಗೆ, ಅಂದ್ರೆ ಚರ್ಚಲ್ಲಿ ಒಟ್ಟಿಗೆ ಹಾಡೋ ಗುಂಪಿಗೆ ಮಾಡಿಸಿದ್ವಿ.

ನನ್ನ ಮಗಳು ಇಲ್ಲಿ ನಾವಿರೋ ಊರಿನ ಪ್ಯಾರಿಷ್ ಚರ್ಚಿನ ಮಕ್ಕಳ ಕ್ವಾಯರಲ್ಲಿ ಹಾಡ್ತಾಳೆ. ನಾವು ಚರ್ಚಿನವ್ರಲ್ಲ, ಮನೇಲಿ ಶ್ರಾವಣ ಶನಿವಾರ ಮಾಡೋರು. ಕ್ವಾಯರಿನವ್ರು ಸ್ಕೂಲಿಗೆ ಬಂದು ಯಾರ್ಯಾರಿಗೆ ಇಂಟರೆಸ್ಟ್ ಇದೆ ಅಂತ ಕೇಳಿದಾಗ ಇವಳು ಕೈ ಎತ್ತಿದ್ಲು, ಅಷ್ಟೇ ಕಥೆ. ಫೀಸಿಲ್ಲ, ವಾರಕ್ಕೆರಡು ದಿನ ಪ್ರಾಕ್ಟೀಸು, ನೊಟೇಶನ್ ಓದೋದು ಕಲಿಸ್ತಾರೆ, ಮದುವೆಗೆ ಹಾಡಿದ್ರೆ ಮಕ್ಕಳ ಕೈಗೆ ನಾಕು ಕಾಸೂ ಕೊಡ್ತಾರೆ. ಅತ್ತೆಗೆ ಮೊದಲು ಸ್ವಲ್ಪ ಇರಿಸುಮುರಿಸಾಗಿತ್ತು, ವಿಡಿಯೋ ಕಾಲಲ್ಲಿ ಮೊಮ್ಮಗಳು ಒಂದು ಹಾಡು ಕೇಳಿಸಿದ್ಮೇಲೆ ಆ ಮಾತು ನಿಂತೋಯ್ತು, ಈಗ ಅವರೇ ಈ ಭಾನುವಾರ ಏನು ಹಾಡಿದೆ ಅಂತ ಕೇಳ್ತಾರೆ.

ಟ್ರಿಪ್ ಏನಪ್ಪಾ ಅಂದ್ರೆ, ಇಲ್ಲಿ ಕ್ಯಾಥೆಡ್ರಲ್‌ಗಳಿಗೆ, ಅಂದ್ರೆ ಬಿಷಪ್ಪರ ದೊಡ್ಡ ಚರ್ಚುಗಳಿಗೆ, ಅವರದೇ ಆದ ಕ್ವಾಯರ್ ಇರುತ್ತೆ, ಆ ಮಕ್ಕಳು ವಾರದಲ್ಲಿ ಹೆಚ್ಚುಕಮ್ಮಿ ದಿನಾ ಸಂಜೆ ಈವನ್‌ಸಾಂಗ್ ಅನ್ನೋ ಸಂಜೆ ಪ್ರಾರ್ಥನೆ ಹಾಡ್ತಾರೆ. ಬಿಬಿಸಿ ರೇಡಿಯೋಲಿ 1926ರಿಂದ ಬರ್ತಾ ಇರೋದು ಅದೇ. ಬೇಸಿಗೆ ರಜೆಲಿ ಆ ಮಕ್ಕಳೆಲ್ಲ ಮನೆಗೆ ಹೋಗ್ಬಿಡ್ತಾರಲ್ಲ, ಆದ್ರೂ ಸಂಜೆ ಪೂಜೆ ನಿಲ್ಲೋ ಹಾಗಿಲ್ಲ, ಅದಕ್ಕೆ ಆಗಸ್ಟಲ್ಲಿ ನಮ್ಮಂಥ ಊರಿನ ಕ್ವಾಯರ್‌ಗಳು ಒಂದೊಂದು ವಾರ ಹೋಗಿ ಅಲ್ಲೇ ಇದ್ದು ಹಾಡಿ ಬರ್ತಾರೆ. ಬೆಳಿಗ್ಗೆ ರಿಹರ್ಸಲ್, ಮಧ್ಯಾಹ್ನ ಆಟ ತಿರುಗಾಟ, ಆಮೇಲೆ ಮತ್ತೆ ರಿಹರ್ಸಲ್, ಸಂಜೆ ಕ್ಯಾಸಕ್ ಅನ್ನೋ ಉದ್ದ ನಿಲುವಂಗಿ ಹಾಕ್ಕೊಂಡು ಸಾಲಲ್ಲಿ ಒಳಗೆ ಹೋಗೋದು. ಇದಕ್ಕೆ ಅವ್ರೇನೂ ದುಡ್ಡು ಕೊಡಲ್ಲ, ಬಸ್ಸು, ಇರೋ ಜಾಗ, ಮೂರು ಹೊತ್ತಿನ ಊಟ, ಜೊತೇಲಿ ಹೋಗೋ ದೊಡ್ಡವ್ರ ಖರ್ಚು ಎಲ್ಲಾ ನಮ್ಮದೇ. ಈ ಸಲ ಹೋಗೋದು ಸಾಲ್ಸ್‌ಬರಿಗೆ. ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ ಹುಡುಗೀರಿಗೆ ಅಂತಲೇ ಒಂದು ಕ್ವಾಯರ್ ಮೊದಲು ಶುರುವಾಗಿದ್ದು ಅಲ್ಲೇ, 1991ರಲ್ಲಿ, ಅಲ್ಲೀವರೆಗೂ ಮಕ್ಕಳು ಹಾಡೋ ಕೆಲಸ ಹೆಚ್ಚಿನಂಶ ಗಂಡು ಹುಡುಗರದ್ದೇ ಆಗಿತ್ತು. ಲಂಡನ್ನಿನ ಸೇಂಟ್ ಪಾಲ್ಸಲ್ಲಂತೂ ಹುಡುಗೀರು ಸೇರಿದ್ದು ಮೊನ್ನೆ ಮೊನ್ನೆ 2024ರಲ್ಲಿ. ಇದನ್ನ ಕೇಳಿದ್ಮೇಲೆ ನನ್ನ ಮಗಳು ಆ ಊರಿಗೆ ಹೋಗ್ದೇ ಬಿಡಲ್ಲ ಅಂತ ಕೂತಿದ್ದಾಳೆ. ಹುಡುಗ್ರ ಚಿಂತೆ ಬೇರೆ, ನಾವು ಹೋಗೋ ವಾರದಲ್ಲಿ 15ನೇ ತಾರೀಕು ಬೀಳ್ದೇ ಇದ್ರೆ ಸಾಕು ಅಂತ. ಯಾಕಂದ್ರೆ ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನೆ ಪುಸ್ತಕದಲ್ಲಿ ಬೈಬಲಿನ 150 ಕೀರ್ತನೆಗಳನ್ನ ತಿಂಗಳ 30 ದಿನಕ್ಕೆ ಹಂಚಿಟ್ಟಿದ್ದಾರೆ, 15ರ ಸಂಜೆಗೆ ಬರೋದು 78ನೇ ಕೀರ್ತನೆ, ಎಪ್ಪತ್ತು ಚಿಲ್ಲರೆ ವಚನ, ಅಷ್ಟೂ ಹಾಡೋಷ್ಟರಲ್ಲಿ ಕಾಲು ಮರಗಟ್ಟಿರುತ್ತೆ.

ಒಬ್ಬ ಮಗುಗೆ ಖರ್ಚು 380 ಪೌಂಡ್ ಹತ್ರ ಬರುತ್ತೆ. ಇದು ಕೆಲವು ಮನೆಗೆ ಏನೂ ಅಲ್ಲ, ಇನ್ನು ಕೆಲವು ಮನೇಲಿ ಇಬ್ಬರು ಮಕ್ಕಳು ಹಾಡ್ತಾರೆ, ಅವ್ರಿಗೆ ಇದು ಮನೆ ಬಾಡಿಗೆ ತಪ್ಪಿಸೋ ದುಡ್ಡು. ಮೀಟಿಂಗಲ್ಲಿ ಒಬ್ಬ ಅಪ್ಪ ಎದ್ದು ಪ್ರತಿ ಮಗುಗೂ ಒಂದೊಂದು ಆನ್‌ಲೈನ್ ಪೇಜ್ ಮಾಡಿ ಅವರವರ ನೆಂಟರಿಷ್ಟರ ಹತ್ರ ಅವರವ್ರೇ ಎತ್ತಲಿ ಅಂದ್ರು. ನಮ್ಮ ಟ್ರೆಷರರ್ ಮೇಡಂ, ರಿಟೈರಾದ ಬ್ಯಾಂಕಿನವ್ರು, ಅದನ್ನ ಅಲ್ಲೇ ಚಿವುಟಿ ಹಾಕಿದ್ರು. ಹಂಗೆ ಮಾಡಿದ್ರೆ ಅಂಕಲ್ ಲಾಯರ್ ಇರೋ ಮಗುಗೆ ಎರಡು ದಿನಕ್ಕೆ ಪೂರ್ತಿ ದುಡ್ಡು, ಯಾರೂ ಇಲ್ಲದ ಮಗು ಪೇಜಲ್ಲಿ ಸೊನ್ನೆ, ಅದನ್ನ ಆ ಮಗುನೂ ನೋಡುತ್ತೆ ಮಿಕ್ಕ ಮಕ್ಕಳೂ ನೋಡ್ತಾರೆ. ಎಲ್ಲಾ ಒಂದೇ ಗಂಟಿಗೆ ಬರಬೇಕು, ಆ ಗಂಟಿಂದ ಯಾರ್ಯಾರಿಗೆ ಎಷ್ಟು ಕಮ್ಮಿ ಮಾಡ್ತೀವಿ ಅನ್ನೋದು ನನಗೂ ಮ್ಯೂಸಿಕ್ ಡೈರೆಕ್ಟರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಾಗಬಾರದು ಅಂದ್ರು. ಅದಕ್ಕೆ ಎಲ್ಲ ಮಕ್ಕಳೂ ಒಟ್ಟಿಗೆ ಇರೋ ಏನಾದ್ರೂ ಮಾರೋಣ ಅಂತ ಮಾತು ಬಂದು ಟೀ ಟವಲ್ಲಿಗೆ ನಿಂತಿತು.

ಇನ್ನ ಸರ್ವಿಸ್ ವಿಷ್ಯಕ್ಕೆ ಬರ್ತೀನಿ. ಫಾರ್ಮ್ ತುಂಬಿದ್ಮೇಲೆ ಒಂದು ಕವರಲ್ಲಿ ಡ್ರಾಯಿಂಗ್ ಸ್ಲಿಪ್‌ಗಳು ಬಂದವು, ಒಂದೊಂದ್ರಲ್ಲೂ ಒಂದೊಂದು ಚೌಕ, ಆ ಚೌಕದ ಒಳಗೇ ಬಿಡಿಸಬೇಕು, ಕಪ್ಪು ಪೆನ್ನಲ್ಲೇ ಬಿಡಿಸಬೇಕು, ಪೆನ್ಸಿಲ್ ಬೇಡ, ಒಳಗೆ ಶೇಡ್ ಮಾಡಬೇಡಿ ಅಂತ ಸೂಚನೆ. ಪೆನ್ನೂ ಅವ್ರೇ ಕಳ್ಸಿದ್ರು, ಅದು ಒಳ್ಳೇದು, ಇಲ್ಲಾಂದ್ರೆ ಒಬ್ಬೊಬ್ಬರ ಗೆರೆ ಒಂದೊಂದು ದಪ್ಪ ಬರುತ್ತೆ. ಪ್ರಾಕ್ಟೀಸ್ ಮಧ್ಯೆ ಜ್ಯೂಸ್ ಬ್ರೇಕಲ್ಲಿ ಕೂರಿಸಿ ಬಿಡಿಸಿದ್ವಿ. ಮಕ್ಕಳಿಗೆ ತಮ್ಮ ಮುಖಕ್ಕಿಂತ ಮೆಡಲ್ ಮೇಲೇ ಕಣ್ಣು. ಆರ್‌ಎಸ್‌ಸಿಎಂ ಅಂತ ಚರ್ಚ್ ಸಂಗೀತದ ಒಂದು ಸಂಸ್ಥೆ ಇದೆ, 1927ರಲ್ಲಿ ಶುರುವಾಗಿದ್ದು, ಅವರ ಆಫೀಸೂ ಸಾಲ್ಸ್‌ಬರೀಲೇ ಇರೋದು, ಅವರ ಟ್ರೇನಿಂಗಲ್ಲಿ ಒಂದೊಂದು ಹಂತ ದಾಟಿದ ಹಾಗೆ ಕೊರಳಿಗೆ ಹಾಕೋ ಮೆಡಲಿಗೆ ಒಂದೊಂದು ಬಣ್ಣದ ರಿಬ್ಬನ್ನು, ತಿಳಿನೀಲಿ ಆಮೇಲೆ ಕಡುನೀಲಿ, ಕೆಂಪು, ಹಳದಿ. ಎಲ್ಲರೂ ರಿಬ್ಬನ್ನನ್ನ ಮುಖಕ್ಕಿಂತ ದೊಡ್ಡದಾಗಿ ಬಿಡಿಸಿದ್ರು. ಆದ್ರೆ ಪ್ರಿಂಟ್ ಒಂದೇ ಬಣ್ಣದ್ದು! ಕೆಂಪು ರಿಬ್ಬನ್ನಿನ ದೊಡ್ಡ ಹುಡುಗನೂ ತಿಳಿನೀಲಿಯ ಚಿಕ್ಕ ಹುಡುಗನೂ ಟವಲಲ್ಲಿ ಒಂದೇ ಥರ ಕಾಣ್ತಾರೆ, ಅದಕ್ಕೆ ಭಾರೀ ಗಲಾಟೆ ಆಯ್ತು. ಎರಡನೇ ಬಣ್ಣ ಬೇಕಂದ್ರೆ ಇನ್ನೊಂದು ಸ್ಕ್ರೀನ್, ಅಂದ್ರೆ ಇಂಕ್ ಇಳಿಸೋ ಜಾಲರಿ ಅಚ್ಚು, ಮಾಡಬೇಕು ಅಂತ ಬೇರೆ ಚಾರ್ಜ್ ಹೇಳಿದ್ರು, ಸ್ಕ್ರೀನ್ ಪ್ರಿಂಟಿಂಗಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕೇ ಬೇಕು, ಅದರಲ್ಲಿ ಮೋಸ ಏನಿಲ್ಲ. ನಾವು ಬೇಡ ಅಂದ್ವಿ.

ಹೆಸ್ರು ಹಾಕೋ ವಿಷ್ಯದಲ್ಲಿ ಒಂದು ಮಾತು. ಮಕ್ಕಳ ಮುಖ, ಹೆಸ್ರು, ಕ್ವಾಯರ್ ಹೆಸ್ರು ಎಲ್ಲಾ ಇರೋ ಬಟ್ಟೆ ಯಾರ್ಯಾರ ಮನೆಗೋ ಹೋಗುತ್ತೆ, ಅದಕ್ಕೆ ಮೊದಲ ಹೆಸ್ರು ಮಾತ್ರ, ಸರ್‌ನೇಮ್ ಬೇಡ, ಪ್ರತಿ ಮನೆಯಿಂದ ಒಪ್ಪಿಗೆ ಸೈನ್ ಬೇಕು ಅಂತ ಚರ್ಚಲ್ಲಿ ಸೇಫ್‌ಗಾರ್ಡಿಂಗ್, ಅಂದ್ರೆ ಮಕ್ಕಳ ಸುರಕ್ಷತೆ, ನೋಡ್ಕೊಳ್ಳೋರು ಹೇಳಿದ್ರು. ಕಂಪನಿಯವ್ರ ಫಾರ್ಮಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಮಕ್ಕಳ ಮೇಲೇ ನಡೆಯೋ ವ್ಯಾಪಾರದಲ್ಲಿ ಇದು ಅವರೇ ನೆನಪಿಸಬೇಕಾದ್ದು.

ನನ್ನ ಮಗಳು ಹೆಸ್ರನ್ನ ಕನ್ನಡದಲ್ಲಿ ಬರ್ದಿದ್ಲು. ನಾನು ಹೇಳಿಕೊಟ್ಟಿದ್ದಲ್ಲ, ಪಕ್ಕದಲ್ಲಿ ಕೂತ ಪೋಲಿಷ್ ಹುಡುಗಿ ತನ್ನ ಹೆಸ್ರಲ್ಲಿ ಎಲ್ ಮೇಲೆ ಗೀಟು ಹಾಕಿದ್ಲಂತೆ, ಇವಳಿಗೆ ಹುರುಪು ಬಂದಿದೆ. ಪ್ರೂಫ್, ಅಂದ್ರೆ ಪ್ರಿಂಟಿಗೆ ಮುಂಚೆ ತೋರಿಸೋ ಮಾದರಿ, ಇಮೇಲಲ್ಲಿ ಬಂತು, ತೆಗೆದು ನೋಡಿದ್ರೆ ಲೇಔಟ್ ಮಾಡಿದ ಪುಣ್ಯಾತ್ಮರು ಅದು ಅಕ್ಷರ ಅಂತ ಗೊತ್ತಾಗ್ದೆ ಯಾವ್ದೋ ಬಳ್ಳಿ ಡಿಸೈನ್ ಅಂದ್ಕೊಂಡು ಕತ್ತರಿಸಿ ತಲೆಕೆಳಗು ಮಾಡಿ ಅವಳ ಜಡೆ ಪಕ್ಕ ಹೂವಿನ ಥರ ಇಟ್ಟಿದ್ದಾರೆ. ನಕ್ಕು ನಕ್ಕು ಸಾಕಾಯ್ತು. ಫೋನ್ ಮಾಡಿದೆ, ಆ ಕಡೆ ಇದ್ದ ಹೆಂಗಸು ಪಾಪ ಎಷ್ಟು ಸಲ ಸಾರಿ ಅಂದ್ರೋ, ಅವತ್ತೇ ಸಂಜೆ ಸರಿ ಮಾಡಿ ಹೊಸ ಪ್ರೂಫ್ ಕಳ್ಸಿದ್ರು, ಒಂದು ಪೆನ್ನಿಯೂ ತಗೊಳ್ಲಿಲ್ಲ. ಸ್ಟಾರ್ ಮೂರೂವರೆವರೆಗೆ ಹೋಗಿರೋದು ಆಕೆಯಿಂದಲೇ. ಆದ್ರೆ ನಿಮ್ಮ ಮಗುನೂ ಕನ್ನಡದಲ್ಲೋ ತಮಿಳಲ್ಲೋ ಹೆಸ್ರು ಬರೆದ್ರೆ ಸ್ಲಿಪ್ಪಿನ ಹಿಂದೆ ಬಾಣದ ಗುರುತು ಹಾಕಿ ಯಾವುದು ಮೇಲೆ ಅಂತ ತೋರಿಸಿ, ಮತ್ತೆ ಪ್ರೂಫನ್ನ ಫೋನಲ್ಲಿ ನೋಡ್ದೆ ದೊಡ್ಡ ಸ್ಕ್ರೀನಲ್ಲಿ ನೋಡಿ, ಒಂದೊಂದು ಮುಖವನ್ನೂ ಪಟ್ಟಿ ಜೊತೆ ತಾಳೆ ಹಾಕಿ. ಪ್ರೂಫಿಗೆ ಓಕೆ ಅಂದ್ಮೇಲೆ ಏನು ತಪ್ಪಿದ್ರೂ ನಿಮ್ಮ ತಲೆಗೇ ಅಂತ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ.

ದುಡ್ಡಿನ ವಿಷ್ಯ. ವೆಬ್‌ಸೈಟಲ್ಲಿ ನೂರರ ಮೇಲೆ ತಗೊಂಡ್ರೆ ಒಂದಕ್ಕೆ 3.20 ಪೌಂಡ್ ಅಂತ ದಪ್ಪಕ್ಷರದಲ್ಲಿ ಇದೆ. ಅದಕ್ಕೆ ಶೇಕಡಾ 20 ವ್ಯಾಟ್ ಸೇರಿದ್ರೆ 3.84 ಆಯ್ತು. ಅದಾದ್ಮೇಲೆ ಸ್ಕ್ರೀನ್ ಮಾಡೋದಕ್ಕೆ ಸೆಟಪ್ ಚಾರ್ಜ್ ಬೇರೆ, ಡೆಲಿವರಿ ಬೇರೆ, ಎರಡೂ ಕೊನೇ ಪೇಜಲ್ಲಿ ಕಾಣಿಸ್ಕೊಳ್ಳೋದು. ಎಲ್ಲಾ ಕೂಡಿ ಭಾಗಿಸಿದಾಗ ಒಂದು ಟವಲ್ ನಮಗೆ ಬಿದ್ದಿದ್ದು 4.40. ಇಂಥ ಕಡೆ ಆರ್ಡರ್ ಮಾಡೋರು ಹೆಚ್ಚಿನಂಶ ಸ್ಕೂಲಿನ ಅಪ್ಪ ಅಮ್ಮಂದಿರ ಸಂಘ, ಚರ್ಚು, ಸ್ಕೌಟ್ಸು ಇಂಥವ್ರು, ವ್ಯಾಟ್ ವಾಪಸ್ ತಗೊಳ್ಳೋ ಕಂಪನಿಗಳಲ್ಲ, ಅಂಥವ್ರಿಗೆ ವ್ಯಾಟ್ ಬಿಟ್ಟು ರೇಟ್ ತೋರಿಸೋದು ಯಾವ ನ್ಯಾಯ? ಒಂದು ಸ್ಟಾರ್ ಪೂರ್ತಿ ಇದಕ್ಕೇ ಹೋಯ್ತು.

ಇನ್ನೊಂದು ಗಾಳ ಅಂದ್ರೆ ಸ್ಲ್ಯಾಬು. ಐವತ್ತಕ್ಕೆ ಒಂದು ರೇಟು, ನೂರಕ್ಕೆ ಕಮ್ಮಿ, ಇನ್ನೂರಕ್ಕೆ ಇನ್ನೂ ಕಮ್ಮಿ. ಪೇಜಲ್ಲಿ ಸಂಖ್ಯೆ ಬದಲಾಯಿಸಿದ ಹಾಗೆ ಪಕ್ಕದಲ್ಲಿ ನಿಮ್ಮ ಲಾಭ ಅಂತ ಹಸಿರು ಬಣ್ಣದಲ್ಲಿ ಅಂಕಿ ಮೇಲೆ ಮೇಲೆ ಹೋಗ್ತಾ ಇರುತ್ತೆ, ಅದನ್ನ ನೋಡಿದ್ರೆ ಯಾರಿಗಾದ್ರೂ ಇನ್ನೂರೇ ತರಿಸೋಣ ಅನ್ಸುತ್ತೆ, ನಮ್ಮ ಗುಂಪಲ್ಲೂ ಒಂದಿಬ್ರು ಅಂದ್ರು. ಟ್ರೆಷರರ್ ಮೇಡಂ ಒಂದು ಕಾಗದ ತಗೊಂಡು ಈ ಟವಲ್ಲನ್ನ ಯಾರು ಕೊಳ್ತಾರೆ ಹೇಳಿ ಅಂತ ಕೇಳಿದ್ರು. ರಸ್ತೇಲಿ ಹೋಗೋರಿಗೆ ಗೊತ್ತಿಲ್ಲದ ಮಕ್ಕಳ ಸೊಟ್ಟ ಮೂಗು ಕಟ್ಕೊಂಡು ಏನಾಗಬೇಕು? ಕೊಳ್ಳೋದು ಆ ಮಗು ಮನೆಯವ್ರೇ. ಒಂದೊಂದು ಮಗುಗೂ ಎಷ್ಟು ಅಜ್ಜಿ, ಎಷ್ಟು ತಾತ, ಸೋದರತ್ತೆ ಇದ್ದಾರಾ, ಬೇರೆ ದೇಶದಲ್ಲಿದ್ದಾರಾ, ಹಿಂಗೆ ಮನೆ ಮನೆ ಕೇಳಿ ಬರೆದ್ರು, ಅಪ್ಪ ಅಮ್ಮ ಬೇರೆ ಬೇರೆ ಇರೋ ಮನೆಗೆ ಎರಡು ಅಂತ ಹಾಕಿದ್ರು, ಮುಂಗಡ ದುಡ್ಡು ಕೊಟ್ಟೋರ ಹೆಸ್ರ ಮುಂದೆ ಮಾತ್ರ ಟಿಕ್. ಅದರ ಮೇಲೆ ಸ್ವಲ್ಪ ಸೇರಿಸಿ 110 ತರಿಸಿದ್ವಿ. ನಮ್ಮನೆ ಲೆಕ್ಕಕ್ಕೆ ಬೇರೆಯವ್ರಿಗಿಂತ ಜಾಸ್ತಿನೇ ಬಿತ್ತು, ಎರಡೂ ಕಡೆ ಅಜ್ಜಿ, ಚಿಕ್ಕಮ್ಮ, ಮಾವ, ಹಾಸನದ ಪಕ್ಕದ ಮನೆ ಆಂಟಿ ತನಕ ಪಟ್ಟಿ ಹೋಗಿತ್ತು, ಟ್ರೆಷರರ್ ಮೇಡಂ ಒಂದ್ಸಲ ಕನ್ನಡಕ ಮೇಲೆತ್ತಿ ನೋಡಿದ್ರು. ಪಕ್ಕದ ಊರಿನ ಒಂದು ಗುಂಪಿನವ್ರು ಹಿಂದಿನ ವರ್ಷ ಹಸಿರು ಅಂಕಿ ನಂಬಿ ತರಿಸಿದ್ದು ಇವತ್ತಿಗೂ ರಟ್ಟಿನ ಡಬ್ಬೀಲಿ ಬಿದ್ದಿದ್ಯಂತೆ. ಮಾರದ ಒಂದು ಟವಲ್ ಅಂದ್ರೆ ಹತ್ರತ್ರ ಎರಡು ಟವಲಿನ ಲಾಭ ನುಂಗಿದ ಹಾಗೆ, ಅಷ್ಟು ಸಣ್ಣ ಮಾರ್ಜಿನ್ ಇದು.

ಬಟ್ಟೆ ಬಗ್ಗೆ ಹೇಳ್ಬೇಕಂದ್ರೆ ಪೂರ್ತಿ ಹತ್ತಿ, ಬಣ್ಣ ಬಿಳಿ ಅಲ್ಲ ಸ್ವಲ್ಪ ಕೆನೆ, ಅಂಚು ನೀಟಾಗಿ ಹೊಲ್ದಿದ್ದಾರೆ, ಒಂದು ಮೂಲೇಲಿ ನೇತುಹಾಕೋಕೆ ಕುಣಿಕೆ ಇದೆ. ಹೊಸದ್ರಲ್ಲಿ ನೀರು ಹೀರೋದೇ ಇಲ್ಲ, ಗಂಜಿ ಹಾಕಿದ ಹಾಗೆ ಬಿರುಸಾಗಿರುತ್ತೆ, ಎರಡು ಮೂರು ಸಲ ಮೆಷಿನ್ನಿಗೆ ಹಾಕಿದ್ಮೇಲೆ ಸರಿಹೋಗುತ್ತೆ. ನಾನು ಬೇಕಂತ್ಲೇ 60 ಡಿಗ್ರೀಲಿ ಒಗೆದು ನೋಡ್ದೆ, ಪ್ರಿಂಟ್ ಒಂಚೂರೂ ಹೋಗಿಲ್ಲ, ಆದ್ರೆ ಬಟ್ಟೆ ಕುಗ್ಗಿ ಮಕ್ಕಳ ಮುಖ ಎಲ್ಲಾ ಸ್ವಲ್ಪ ಅಗಲ ಆಗಿವೆ. ಅರಿಶಿನದ ಕಲೆ ಹೋಗಲ್ಲ, ಸಾಂಬಾರ್ ಮಾಡೋ ಅಡುಗೆಮನೇಲಿ ಇದನ್ನ ಒಲೆ ಹತ್ರ ಬಿಡಬೇಡಿ.

ಇಷ್ಟೆಲ್ಲ ಬಟ್ಟೆ ಪರೀಕ್ಷೆ ಮಾಡಿದ್ದು ನಾನೊಬ್ಳೇ ಅನ್ಸುತ್ತೆ. ಅತ್ತೆಗೆ ಕಳ್ಸಿದ್ವಿ, ಅವ್ರು ಫೋನ್ ಮಾಡಿ ಇದೇನು ಇದರಲ್ಲಿ ಏನು ಮಾಡೋದು ಅಂದ್ರು, ಪಾತ್ರೆ ಒರೆಸೋದು ಅಂದೆ, "ಮಗೂ ಮುಖದಲ್ಲಿ ಪಾತ್ರೆ ಒರೆಸೋದಾ? ನಿಂಗೆ ತಲೆ ಸರಿ ಇದ್ಯಾ?" ಅಂತ ಬೈದು ಟಿವಿ ಮೇಲೆ ಹೊದಿಸಿದ್ದಾರೆ, ಅದೂ ಮೊಮ್ಮಗಳ ಮುಖ ಸರಿಯಾಗಿ ಮುಂದೆ ಬರೋ ಹಾಗೆ ಮಡಚಿ. ಇಲ್ಲಿನ ಇಂಗ್ಲಿಷ್ ಅಜ್ಜಿಯರೂ ಅಷ್ಟೇ, ಬಹಳ ಜನ ಒರೆಸೋಕೆ ಬಳಸಲ್ಲ, ಒಬ್ಬರು ಫ್ರೇಮ್ ಹಾಕಿಸಿದ್ದಾರೆ. ಹಾಗಾಗಿ ಜಾಸ್ತಿ ದುಡ್ಡು ಕೊಟ್ಟು ಲಿನನ್ ಮಿಕ್ಸ್ ಬಟ್ಟೆ ತಗೊಳ್ಳೋ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಕಂಪನಿಯವ್ರು ಅದನ್ನೇ ತಗೊಳ್ಳಿ ಅಂತ ಬಹಳ ಒತ್ತಾಯ ಮಾಡ್ತಾರೆ.

ಮಾರಿದ್ದು ಏಳು ಪೌಂಡಿಗೆ. ನಾನು ಆರಕ್ಕೆ ಸಾಕು ಅಂದಿದ್ದೆ, ಇನ್ನೊಬ್ರು ಎಂಟು ಅಂದ್ರು, ಟ್ರೆಷರರ್ ಮೇಡಂ ಏಳೇ ಇರಲಿ ಅಂತ ಹಟ ಹಿಡಿದ್ರು. ಯಾಕೆ ಅಂತ ಮಾರೋ ದಿನ ಗೊತ್ತಾಯ್ತು. ಅಜ್ಜಿ ತಾತಂದಿರು ಹತ್ತರ ನೋಟು ಕೊಡ್ತಾರೆ, ಟೇಬಲ್ ಮೇಲೆ ಟವಲ್ ಪಕ್ಕಾನೇ ಒಂದು ಹುಂಡಿ ಇಟ್ಟಿತ್ತು, ಮೂರು ಪೌಂಡ್ ಚಿಲ್ಲರೆ ವಾಪಸ್ ಕೊಟ್ರೆ ಹತ್ರಲ್ಲಿ ಏಳು ಜನ ಅದನ್ನ ಜೇಬಿಗೆ ಹಾಕ್ಕೊಳ್ದೆ ಹುಂಡಿಗೆ ಹಾಕಿ ಹೋದ್ರು. ಎಂಟಾಗಿದ್ರೆ ಎರಡು ಬರ್ತಿತ್ತು, ಆರಾಗಿದ್ರೆ ನಾಲ್ಕು ಪೌಂಡ್ ಜಾಸ್ತಿ ಅನ್ಸಿ ಪರ್ಸಿಗೆ ಹೋಗ್ತಿತ್ತೋ ಏನೋ. ಕೊಡುವ ಕೈ ನೋಡಿ ರೇಟ್ ಇಡೋ ಈ ಕಲೆ ನಮ್ಮೂರಲ್ಲಿ ಗಣೇಶನ ಚಂದಾ ಎತ್ತೋ ಹುಡುಗ್ರಿಗೂ ಬರುತ್ತೆ, ರಸೀದಿ ಪುಸ್ತಕದ ಮೊದಲ ಹಾಳೇಲಿ ದೊಡ್ಡ ಮೊತ್ತ ಕೊಟ್ಟೋರ ಹೆಸ್ರು ಬರ್ಕೊಂಡೇ ಮನೆ ಬಾಗಿಲಿಗೆ ಬರ್ತಾರಲ್ಲ.

ಆ ಹುಂಡಿ ದುಡ್ಡಿಗೆ ಇಲ್ಲಿ ಇನ್ನೊಂದು ಲಾಭ ಇದೆ, ಇದು ಹೊಸದಾಗಿ ಬಂದ ನಮ್ಮವ್ರಿಗೆ ಗೊತ್ತಿರಲ್ಲ. ಗಿಫ್ಟ್ ಏಡ್ ಅಂತ 1990ರಲ್ಲಿ ಬಂದ ವ್ಯವಸ್ಥೆ, ಟ್ಯಾಕ್ಸ್ ಕಟ್ಟೋರು ಚಾರಿಟಿಗೆ ಒಂದು ಪೌಂಡ್ ದಾನ ಕೊಟ್ರೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಚಾರಿಟಿಗೆ ಸಿಗುತ್ತೆ. ಆದ್ರೆ ಟವಲ್ ಕೊಂಡಿದ್ದು ದಾನ ಅಲ್ಲ, ವ್ಯಾಪಾರ, ಅದಕ್ಕೆ ಸಿಗಲ್ಲ. ನಮ್ಮ ಮಗು ಟ್ರಿಪ್ಪಿಗೆ ನಾವು ಕಟ್ಟೋ ದುಡ್ಡಿಗೂ ಸಿಗಲ್ಲ, ಅದು ಫೀಸು. ಒಬ್ಬರು ಮೀಟಿಂಗಲ್ಲಿ ನಾವು ಕಟ್ಟೋದನ್ನೇ ಡೊನೇಶನ್ ಅಂತ ಬರ್ಕೊಂಡ್ಬಿಡಿ ಅಂದಾಗ ಟ್ರೆಷರರ್ ಮೇಡಂ ಮುಖ ನೋಡಬೇಕಿತ್ತು. ಹುಂಡಿಗೆ ಸುಮ್ನೆ ಹಾಕಿದ ಮೂರು ಪೌಂಡ್ ಮಾತ್ರ ದಾನ. ಅದಕ್ಕೆ ಫಾರ್ಮ್ ತುಂಬಿಸೋದೂ ಬೇಡ, ಸಣ್ಣ ದಾನಗಳಿಗೆ ಅಂತಲೇ 2013ರಿಂದ ಬೇರೆ ಸ್ಕೀಮ್ ಇದೆ, ಒಬ್ಬರು ಕೊಟ್ಟಿದ್ದು 30 ಪೌಂಡ್ ಒಳಗಿದ್ರೆ ಹೆಸ್ರು ವಿಳಾಸ ಇಲ್ದೆ ಚಾರಿಟಿಯವ್ರು ಅದೇ 25 ಪರ್ಸೆಂಟ್ ಕೇಳ್ಬಹುದು, 2019ರಿಂದ ಕಾರ್ಡನ್ನ ಮೆಷಿನ್ನಿಗೆ ತಾಗಿಸಿ ಕೊಟ್ಟಿದ್ದೂ ಲೆಕ್ಕಕ್ಕೆ ಬರುತ್ತೆ. ನಮ್ಮ ಕ್ವಾಯರ್ ಚರ್ಚಿನ ಚಾರಿಟಿ ಒಳಗೇ ಇರೋದ್ರಿಂದ ಚರ್ಚಿನ ಲೆಕ್ಕದಲ್ಲೇ ಇದು ಹೋಗುತ್ತೆ. ಹುಂಡಿ ಮೇಲೆ ಕ್ವಾಯರ್ ಫಂಡ್ ಅಂತ ಮಾತ್ರ ಬರ್ದಿತ್ತು, ಯಾವ ಮಗುವಿನ ಹೆಸ್ರೂ ಇಲ್ಲ.

ಲೆಕ್ಕ ಕೂಡಿದಾಗ ಟವಲಿಂದ ಉಳಿದಿದ್ದು 280 ಪೌಂಡ್ ಆಸುಪಾಸು. ಹೌದು, ಅಷ್ಟೇ. ಒಂದು ಮಗು ಟ್ರಿಪ್ಪಿನ ಪೂರ್ತಿ ಖರ್ಚೂ ಇದರಲ್ಲಿ ಬರಲ್ಲ. ಹುಂಡೀಲಿ ಬಂದಿದ್ದು ಮತ್ತೆ ಅದರ ಮೇಲಿನ 25 ಪರ್ಸೆಂಟ್ ಸೇರಿದ್ರೆ ಟವಲ್ ಲಾಭವನ್ನ ಹತ್ರತ್ರ ಮುಟ್ಟುತ್ತೆ, ಅಂದ್ರೆ ಟವಲ್ ಅನ್ನೋದು ಜನರನ್ನ ಟೇಬಲ್ ಹತ್ರ ಕರ್ಕೊಂಡು ಬರೋ ಸಾಮಾನು. ಇದನ್ನ ತಿಳ್ಕೊಂಡು ಮಾಡೋದಾದ್ರೆ ಮಾಡಿ, ಟವಲ್ ಮಾರಿಯೇ ಬಸ್ ಬಾಡಿಗೆ ಕಟ್ತೀವಿ ಅಂತ ಇದ್ರೆ ಬೇಡ.

ಬೇರೆ ದಾರಿಗಳ ಜೊತೆ ಹೋಲಿಸಿದ್ರೆ? ಸೂಪರ್‌ಮಾರ್ಕೆಟಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬಿಕೊಟ್ಟು ಬಕೆಟಲ್ಲಿ ಚಿಲ್ಲರೆ ಹಾಕಿಸ್ಕೊಳ್ಳೋದು ಹಿಂದೆ ಇಲ್ಲಿ ಬಹಳ ನಡೀತಿತ್ತಂತೆ, ಈಗ ಅರ್ಧ ಜನ ತಾವೇ ಸ್ಕ್ಯಾನ್ ಮಾಡ್ಕೊಂಡು ಹೋಗ್ತಾರೆ, 2015ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಹಾಕಿದ್ಮೇಲೆ ಎಲ್ಲರೂ ಮನೆಯಿಂದ ಚೀಲ ತಂದು ತಮ್ಮ ಥರ ಜೋಡಿಸ್ಕೊಳ್ಳೋ ಅಭ್ಯಾಸ, ಮಕ್ಕಳು ಕೈ ಹಾಕಿದ್ರೆ ಮೊಟ್ಟೆ ಮೇಲೆ ಆಲೂಗಡ್ಡೆ ಇಡ್ತಾರೆ ಅಂತ ಭಯ ಬೇರೆ. ರಾಫಲ್, ಅಂದ್ರೆ ಚೀಟಿ ಎತ್ತಿ ಪ್ರೈಜ್ ಕೊಡೋ ಲಾಟರಿ, ಸುಲಭ, ಕಾರ್ಯಕ್ರಮ ನಡೆಯೋ ಜಾಗದಲ್ಲೇ ಟಿಕೆಟ್ ಮಾರಿದ್ರೆ ಲೈಸೆನ್ಸ್ ಬೇಡ, ಬಂದ ದುಡ್ಡಲ್ಲಿ ಪ್ರೈಜಿಗೆ 500 ಪೌಂಡ್ ಮೇಲೆ ಹಾಕೋ ಹಾಗಿಲ್ಲ ಅಷ್ಟೇ, ನಮಗೆ ಪ್ರೈಜೆಲ್ಲ ಯಾರ್ಯಾರೋ ಕೊಟ್ಟ ವೈನು ಚಾಕಲೇಟು. ಮೊದಲೇ ಊರ ತುಂಬಾ ಟಿಕೆಟ್ ಮಾರೋದಾದ್ರೆ ಮಾತ್ರ ಕೌನ್ಸಿಲಲ್ಲಿ ರಿಜಿಸ್ಟರ್ ಮಾಡಿಸಬೇಕು.

ಖರ್ಚಿಗೆ ತಕ್ಕ ಲಾಭ ಅಂತ ನೋಡಿದ್ರೆ ನನ್ನ ಓಟು ತಿಂಡಿ ಟೇಬಲ್ಲಿಗೆ. ಎಲ್ಲರೂ ಕೇಕ್ ತಂದಿದ್ರು, ನಾನು ಚಕ್ಕುಲಿ ಕೋಡುಬಳೆ ಮಾಡ್ಕೊಂಡು ಹೋಗಿದ್ದೆ, ಸಣ್ಣ ಪೇಪರ್ ಬ್ಯಾಗಲ್ಲಿ ಮೂರು ಮೂರು ಹಾಕಿ ಎರಡು ಪೌಂಡು, ಈವನ್‌ಸಾಂಗ್ ಮುಗಿಸಿ ಬಂದ, ಬೇಸ್ ಅನ್ನೋ ತಗ್ಗಿನ ದನಿಯಲ್ಲಿ ಹಾಡೋ ದೊಡ್ಡ ಗಂಡಸರು ಬಿಯರ್ ಜೊತೆಗೆ ಅಂತ ಕೇಳಿ ಕೇಳಿ ತಗೊಂಡು ಹೋದ್ರು. ಒಂದೇ ರಗಳೆ ಅಂದ್ರೆ ಅಲರ್ಜಿ ಚೀಟಿ. ಇಲ್ಲಿನ 14 ಅಲರ್ಜಿ ಪದಾರ್ಥಗಳ ಪಟ್ಟೀಲಿ ಎಳ್ಳಿದೆ, ಹಾಲಿದೆ, ಹಾಗಾಗಿ ಬೆಣ್ಣೆ ಎಳ್ಳು ಹಾಕಿದ ಚಕ್ಕುಲಿಗೆ ಎರಡೂ ಬರೀಬೇಕು. ಕಡ್ಲೇಕಾಯಿ ಇದೆ, ಗೋಡಂಬಿ ಇದೆ, ಕಡ್ಲೆಹಿಟ್ಟು ಇಲ್ಲ, ಆದ್ರೆ ಸಾಸಿವೆ ಇದೆ ಕಣ್ರೀ! ಒಗ್ಗರಣೆ ಹಾಕಿದ್ದೆಲ್ಲ ಇಲ್ಲಿ ಅಲರ್ಜಿ ಸಾಮಾನು. ಚಿತ್ರಾನ್ನ ತರೋ ಪ್ಲಾನ್ ಇದ್ರೆ ನೆನಪಿರಲಿ.

ಆನ್‌ಲೈನ್ ಪೇಜನ್ನೂ ಆಮೇಲೆ ಮಾಡಿದ್ವಿ, ಇಡೀ ಕ್ವಾಯರಿಗೆ ಒಂದೇ ಪೇಜು. ದೂರ ಇರೋರಿಗೆ ಅದೇ ಸರಿ. ಊರಿಂದ ನಮ್ಮ ಮಾವ ಕೊಡ್ತೀನಿ ಅಂದ್ರು, ಅವ್ರು ಇಲ್ಲಿ ಟ್ಯಾಕ್ಸ್ ಕಟ್ಟಲ್ಲ, ಗಿಫ್ಟ್ ಏಡ್ ಟಿಕ್ ಹಾಕಬೇಡಿ ಅಂತ ಹೇಳಿಕೊಟ್ಟೆ, ಇದನ್ನ ಊರವ್ರಿಗೆ ಲಿಂಕ್ ಕಳ್ಸುವಾಗ ತಪ್ಪದೆ ಹೇಳಿ.

ಡೆಲಿವರಿ ಹೇಳಿದ ವಾರಕ್ಕೆ ಬರಲಿಲ್ಲ, ಅದರ ಮುಂದಿನ ವಾರ ಬಂತು. ನವೆಂಬರಲ್ಲಿ ಎಲ್ಲಾ ಸ್ಕೂಲಿನವ್ರೂ ಕ್ರಿಸ್ಮಸ್ಸಿಗೆ ಅಂತ ಒಟ್ಟಿಗೆ ಆರ್ಡರ್ ಕೊಡ್ತಾರಂತೆ, ಅದನ್ನ ಆರ್ಡರ್ ತಗೊಳ್ಳುವಾಗ್ಲೇ ಹೇಳಬಹುದಿತ್ತು. ನಮ್ಮದು ಚರ್ಚಲ್ಲಿ ಕ್ರಿಸ್ಮಸ್ ಹಾಡು ಹಾಡೋ ಕ್ಯಾರೊಲ್ ಸರ್ವಿಸಿಗೆ ಮುಂಚೆ ಕೈಗೆ ಸಿಕ್ತು, ಅವತ್ತೇ ಮುಕ್ಕಾಲು ಪಾಲು ಖಾಲಿ, ಅಪರೂಪಕ್ಕೆ ಚರ್ಚಿಗೆ ಬರೋ ನೆಂಟರು ಎಲ್ಲಾ ಬರೋದು ಆ ಒಂದು ಸಂಜೆನೇ. ಪ್ಯಾಕಿಂಗ್ ಹತ್ತತ್ತರ ಕಟ್ಟು, ಎಣಿಸಿದ್ರೆ ಸರಿಯಾಗಿತ್ತು, ಒಂದೆರಡ್ರಲ್ಲಿ ಇಂಕ್ ಚುಕ್ಕೆ ಬಿದ್ದಿತ್ತು, ಫೋಟೋ ಕಳ್ಸಿದ್ದಕ್ಕೆ ಆ ದುಡ್ಡು ವಾಪಸ್ ಹಾಕಿದ್ರು.

ಮಾಡೋದಾದ್ರೆ ಸೆಪ್ಟೆಂಬರಲ್ಲಿ ಸ್ಕೂಲ್ ಶುರುವಾದ ಕೂಡ್ಲೇ ಸ್ಲಿಪ್ ತರಿಸಿ, ಅಕ್ಟೋಬರ್ ಹಾಫ್ ಟರ್ಮ್ ರಜೆ ಒಳಗೆ ಪ್ರೂಫ್ ಮುಗಿಸಿ. ಆರ್ಡರ್ ಬಟನ್ ಒತ್ತೋ ಮುಂಚೆ ವ್ಯಾಟ್, ಸೆಟಪ್, ಡೆಲಿವರಿ ಎಲ್ಲಾ ಸೇರಿದ ಮೊತ್ತ ಇಮೇಲಲ್ಲಿ ಬರ್ಸ್ಕೊಳ್ಳಿ. ಇದೇ ಡಿಸೈನ್ ಹಾಕಿ ಏಪ್ರನ್, ಬಟ್ಟೆ ಚೀಲ ಕೂಡ ಮಾಡಿಕೊಡ್ತೀವಿ ಅಂತ ಕೊನೇಲಿ ಕೇಳ್ತಾರೆ, ಚೀಲ ಬೇಕಾದ್ರೆ ನೋಡಿ, ಏಪ್ರನ್ ರೇಟು ಟವಲಿನ ಎರಡರಷ್ಟಿದೆ, ನಮ್ಮಲ್ಲಿ ಮುಂಗಡ ಕೇಳಿದಾಗ ಅದಕ್ಕೆ ಹೆಸ್ರು ಕೊಟ್ಟೋರು ವಿಕಾರ್, ಅಂದ್ರೆ ಚರ್ಚಿನ ಪಾದ್ರಿ, ಒಬ್ಬರೇ.